ಯಾರ ಮೇಲೂ ದೂರಿಲ್ಲ

ನನ್ನ ಅಣ್ಣ ರಶ್ವಾನ್ ಸತ್ತದ್ದು ಬಂದರಿನಲ್ಲಿ. ಕಾಗದದ ಪ್ರಕಾರ ಸತ್ತದ್ದು ರಸ್ತೆಯಲ್ಲಿ. ಬಂದರಿನಿಂದ ರಸ್ತೆಗೆ ಅವನನ್ನು ಹೊತ್ತು ತಂದವರು ನಾವೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಗುವವರು ಈಗಲೇ ನಕ್ಕು ಮುಗಿಸಲಿ. ಈ ದೇಶದಲ್ಲಿ ಹುಟ್ಟುವ ನಗೆಹನಿಗಳೆಲ್ಲ ನಮ್ಮ ಮೇಲೆಯೇ. ನಾವು ಸಯೀದಿಗಳು, ನೈಲ್ ನದಿಯ ಮೇಲ್ದಂಡೆಯ ಕಬ್ಬಿನ ಸೀಮೆಯವರು. ಕಡಲ ತೀರದ ಜನಕ್ಕೆ ನಾವೆಂದರೆ ಹೆಗಲಿನಲ್ಲಿ ಬಲ, ತಲೆಯಲ್ಲಿ ಮಣ್ಣು. ‘ಸಯೀದಿಗೆ ಕೈಗಡಿಯಾರ ಕೊಟ್ಟರೆ ಏನು ಮಾಡ್ತಾನೆ? ಮೇವು ಹಾಕ್ತಾನೆ.’ ಇದು ಬಂದರಿನ ಗೇಟಿನ ಕಾವಲುಗಾರರು ದಿನಾ ಬೆಳಿಗ್ಗೆ ನಮ್ಮ ಬುತ್ತಿಯ ರೊಟ್ಟಿಯನ್ನು ತಡಕುತ್ತ ಹೇಳುತ್ತಿದ್ದ ಮಾತು. ರೊಟ್ಟಿಯೊಳಗೆ ಏನು ಕದ್ದುಕೊಂಡು ಒಳಗೆ ಹೋಗುತ್ತೇವೆಂದು ಅವರ ಅನುಮಾನವೋ ದೇವರಿಗೇ ಗೊತ್ತು.

ಬಂದರು ಎಂದರೆ ಊರಿಗೆ ಬೇಕಾದ ಸರಕು ಬರುವ ಜಾಗ ಎಂದುಕೊಂಡು ನಾನು ಬಂದವನು. ನಮ್ಮ ಬಂದರಿಗೆ ಬರುವುದರಲ್ಲಿ ನಮ್ಮ ದೇಶಕ್ಕೆ ಬೇಕಾದ ಒಂದು ಮೊಳೆಯೂ ಇಲ್ಲ. ಪೂರ್ವದಿಂದ ಮಹಾ ಹಡಗು ಬರುತ್ತದೆ, ಕಂಟೇನರ್ ಪೆಟ್ಟಿಗೆಗಳನ್ನು ಇಳಿಸುತ್ತದೆ. ನಾಲ್ಕು ದಿನ ಅವು ಬಿಸಿಲಿಗೆ ಬಿದ್ದಿರುತ್ತವೆ. ಆಮೇಲೆ ಸಣ್ಣ ಹಡಗುಗಳು ಬಂದು ಬೇರೆ ಬೇರೆ ದೇಶಗಳಿಗೆ ಒಯ್ಯುತ್ತವೆ. ಹಡಗಿನ ಕಂಪನಿಗೆ ಇಳಿಸಲು ಒಂದು ಕಟ್ಟೆ ಬೇಕು. ಅದು ನಮ್ಮದೇ ಆಗಬೇಕೆಂಬ ಹಟವೇನೂ ಅದಕ್ಕಿಲ್ಲ. ಈ ಕಡಲಿನ ಸುತ್ತ ಐದಾರು ಬಂದರುಗಳು ಅದೇ ಹಡಗಿಗೆ ಬಾಯಿ ಬಿಟ್ಟುಕೊಂಡು ಕೂತಿವೆ. ಅವುಗಳಲ್ಲಿ ಒಂದು ನಮ್ಮ ಹಗೆ. ಅದರ ಹೆಸರನ್ನು ಯಾರೂ ಹೇಳುವುದಿಲ್ಲ, ‘ಆಚೆ ದಂಡೆ’ ಎನ್ನುತ್ತಾರೆ.

ಆಚೆ ದಂಡೆಯವರು ಕಡಲನ್ನು ಹದಿನಾರು ಮೀಟರು ಅಗೆಸಿದರು. ನಾವು ಹದಿನೇಳು ಅಗೆಸಿದೆವು. ಅವರು ಎತ್ತರದ ಕ್ರೇನು ತಂದರು. ನಾವು ಇನ್ನೂ ಎತ್ತರದ್ದು ತಂದೆವು. ಅವರು ಕಟ್ಟೆಯ ಬಾಡಿಗೆ ಇಳಿಸಿದರು. ನಾವು ಇನ್ನಷ್ಟು ಇಳಿಸಿದೆವು. ಹಡಗಿನ ಕಂಪನಿ ಇಬ್ಬರನ್ನೂ ನೋಡಿ ಆಕಳಿಸಿತು. ‘ಸರಿ, ಗಂಟೆಗೆ ಎಷ್ಟು ಪೆಟ್ಟಿಗೆ ಎತ್ತುತ್ತೀರಿ?’ ಎಂದು ಕೇಳಿತು. ಅಗೆಯಲು ಇನ್ನು ಕಡಲಿರಲಿಲ್ಲ, ಇಳಿಸಲು ಬಾಡಿಗೆ ಇರಲಿಲ್ಲ. ಹಿಂಡಲು ಉಳಿದವರು ನಾವು.

ನಮ್ಮ ಕೆಲಸ ಪೆಟ್ಟಿಗೆಯ ಕಟ್ಟು ಬಿಚ್ಚುವುದು. ಹಡಗಿನ ಮೇಲೆ ಪೆಟ್ಟಿಗೆಗಳು ಏಳೆಂಟು ಅಂತಸ್ತು ಇರುತ್ತವೆ. ಅಲೆಗೆ ಉರುಳದಂತೆ ಅವನ್ನು ಕಬ್ಬಿಣದ ಕಂಬಿಗಳಿಂದ ಬಿಗಿದಿರುತ್ತಾರೆ. ಒಂದೊಂದು ಕಂಬಿ ಎರಡಾಳುದ್ದ, ಒಂದು ಕುರಿಮರಿಯಷ್ಟು ಭಾರ. ಸಾಲು ಸಾಲಿನ ನಡುವೆ ಒಬ್ಬ ಮನುಷ್ಯ ಹಿಡಿಸುವ ಸಂದು. ಅದರೊಳಗೆ ಇಳಿದು ತಿರುಪು ಸಡಿಲಿಸಿ, ಕಂಬಿ ಕಳಚಿ, ತಲೆಯ ಮೇಲೆ ಎತ್ತಿ ಹಿಡಿದು, ಪಕ್ಕಕ್ಕೆ ಇಡಬೇಕು. ಉಪ್ಪು ತಿಂದ ತಿರುಪು ತಿರುಗುವುದಿಲ್ಲ. ಅದಕ್ಕೆ ತೂಗಾಡಬೇಕು. ಬೇಸಿಗೆಯಲ್ಲಿ ಕಬ್ಬಿಣ ಕೈಯ ಚರ್ಮವನ್ನು ಅಂಟಿಸಿಕೊಳ್ಳುತ್ತದೆ. ರಶ್ವಾನನ ಎರಡೂ ಅಂಗೈಯಲ್ಲಿ ರೇಖೆಗಳೇ ಉಳಿದಿರಲಿಲ್ಲ. ಗುರುತಿನ ಚೀಟಿಗೆ ಬೆರಳಚ್ಚು ಕೊಡಲು ಹೋದಾಗ ಯಂತ್ರ ಮೂರು ಸಲ ಅವನನ್ನು ತಿರಸ್ಕರಿಸಿತು. ‘ಮಷೀನಿಗೂ ಸಯೀದಿ ಅಂದ್ರ ಆಗಂಗಿಲ್ಲ’ ಎಂದು ನಕ್ಕಿದ್ದ.

ಮೊದಲು ಒಂದು ನಿಯಮವಿತ್ತು. ಸಂದಿನಲ್ಲಿ ಮನುಷ್ಯನಿದ್ದರೆ ಆ ಸಾಲಿನ ಮೇಲೆ ಕ್ರೇನಿನ ಕೊಕ್ಕೆ ಬರಕೂಡದು. ಎಲ್ಲರೂ ಮೇಲೆ ಬಂದ ಮೇಲೆ ನಮ್ಮ ಮೇಸ್ತ್ರಿ ಕೈ ಎತ್ತಬೇಕು, ಆಮೇಲೆ ಕ್ರೇನು ಎತ್ತಬೇಕು. ಹಡಗಿನ ಕಂಪನಿ ಮೂರು ತಿಂಗಳ ಪರೀಕ್ಷೆ ಇಟ್ಟಿತು. ಗಂಟೆಗೆ ಮೂವತ್ತೈದು ಪೆಟ್ಟಿಗೆ ಎತ್ತಿದ ಬಂದರಿಗೆ ಹತ್ತು ವರ್ಷ ಹಡಗುಗಳು. ಜೊತೆಗೆ ಇನ್ನೊಂದು ಷರತ್ತು: ಪರೀಕ್ಷೆಯ ಅವಧಿಯಲ್ಲಿ ಬಂದರಿನಲ್ಲಿ ಯಾರೂ ಸಾಯಬಾರದು. ಸತ್ತರೆ ಆ ಬಂದರು ಆಟದಿಂದ ಹೊರಗೆ. ಬಂದರಿನ ಮುಖ್ಯಸ್ಥ ನಾದಿರ್ ಬಾಷಾ ನಮ್ಮನ್ನೆಲ್ಲ ಬಿಸಿಲಿನಲ್ಲಿ ನಿಲ್ಲಿಸಿ, ತಾನು ಛತ್ರಿಯಡಿ ನಿಂತು, ಇದನ್ನು ತಿಳಿಸಿದ. ‘ಬೇಗನೂ ಮಾಡಬೇಕು, ಸಾಯಲೂ ಬಾರದು. ಅರ್ಥವಾಯಿತಾ?’ ಎಂದ. ಮರುದಿನದಿಂದ ಕೈ ಎತ್ತುವ ನಿಯಮ ರದ್ದಾಯಿತು. ನಾವು ಕೆಳಗೆ ಬಿಚ್ಚುತ್ತಿರುವಾಗಲೇ ಮೇಲೆ ಕ್ರೇನು ಎತ್ತತೊಡಗಿತು.

ನಮ್ಮ ಮೇಸ್ತ್ರಿ ಹಿಫ್ನಿ ನಮ್ಮೂರಿನವನೇ. ಊರಿನಲ್ಲಿ ಕತ್ತೆ ಮೇಯಿಸುತ್ತಿದ್ದವನು ಇಲ್ಲಿ ಕೋಟು ಹಾಕಿ ‘ರಯೀಸ್ ಹಿಫ್ನಿ’ ಆಗಿದ್ದ. ರಶ್ವಾನ್ ಅವನನ್ನು ಕೇಳಿದ.

‘ರಯೀಸ್, ತಲಿ ಮ್ಯಾಲೆ ಪೆಟ್ಟಿಗಿ ತೂಗತೈತಿ. ಕೆಳಗ ನಾವು ಅದೀವಿ ಅಂತ ಉಸ್ತಾ ಫಿಕ್ರಿಗೆ ಹ್ಯಾಂಗ ಗೊತ್ತಾಗ್ಬೇಕು?’

‘ನೀ ಲಗು ಬಿಚ್ಚಿದ್ರ ಅವಗ ಗೊತ್ತಾಗೋ ಜರೂರೇ ಇಲ್ಲ’ ಎಂದ ಹಿಫ್ನಿ.

ಉಸ್ತಾ ಫಿಕ್ರಿ ಎಂದರೆ ಕ್ರೇನು ನಡೆಸುವವನು. ಕಡಲ ತೀರದವನು, ಇಪ್ಪತ್ತು ವರ್ಷ ನಮ್ಮ ತಲೆಯ ಮೇಲೆ ಕೂತು ಕೆಲಸ ಮಾಡಿದವನು. ನಮ್ಮ ಮದುವೆಗಳಿಗೆ ಬಂದು ಕೋಲು ಹಿಡಿದು ಕುಣಿದವನು. ಅವನ ಗೂಡಿನಲ್ಲಿ ಹೊಸದಾಗಿ ಒಂದು ದೀಪ ಕೂರಿಸಿದ್ದರು. ನೂರು ಸೆಕೆಂಡಿನೊಳಗೆ ಒಂದು ಪೆಟ್ಟಿಗೆ ಎತ್ತದಿದ್ದರೆ ಅದು ಕೆಂಪಗೆ ಉರಿಯುತ್ತಿತ್ತು. ಎತ್ತುವ ತನಕ ಆರುತ್ತಿರಲಿಲ್ಲ.

ಪರೀಕ್ಷೆಯ ಎರಡನೆಯ ತಿಂಗಳು, ಒಂದು ಶನಿವಾರ ಮಧ್ಯಾಹ್ನ, ಹದಿನಾಲ್ಕನೆಯ ಸಾಲಿನ ಸಂದಿನಲ್ಲಿ ರಶ್ವಾನ್ ಇದ್ದ. ಪಕ್ಕದ ಸಂದಿನಲ್ಲಿ ನಾನಿದ್ದೆ. ಅವನು ಮೂರು ಕಂಬಿ ಕಳಚಿದ್ದ. ನಾಲ್ಕನೆಯದರ ತಿರುಪು ಜಗ್ಗಲಿಲ್ಲ. ‘ಇವ್ನೌನ’ ಎಂದು ಬೈದದ್ದು ನನಗೆ ಕೇಳಿಸಿತು. ಮೇಲೆ ಕೊಕ್ಕೆ ಪೆಟ್ಟಿಗೆಯನ್ನು ಹಿಡಿಯಿತು, ಎತ್ತಿತು. ಕಂಬಿ ಬಿಗಿಯಾಯಿತು. ನಾನು ಕೂಗಿದೆ. ನನ್ನ ಕೂಗು ಕೇಳಿಸಲು ಅಲ್ಲಿ ಕಿವಿ ಯಾರಿಗಿತ್ತು? ಕಂಬಿ ಮುರಿದು ತಿರುಗಿ ಬಂದು ರಶ್ವಾನನ ಎದೆಗೆ ಹೊಡೆಯಿತು. ನಾನು ಅವನ ಹತ್ತಿರ ಹೋಗುವಷ್ಟರಲ್ಲಿ ಬಾಯಿಂದ ರಕ್ತ ಬಂದು ನಿಂತಿತ್ತು. ಇನ್ನೊಂದು ಪೆಟ್ಟಿಗೆ ಆಗಲೇ ಮೇಲೆದ್ದಿತ್ತು.

ಈಗ ನಮ್ಮ ದಡ್ಡತನದ ಕಥೆ ಕೇಳಿ. ನಮ್ಮಲ್ಲಿ ಸತ್ತವನನ್ನು ಪರರ ನಡುವೆ, ಕಬ್ಬಿಣದ ನಡುವೆ ಒಂದು ಗಳಿಗೆಯೂ ಬಿಡುವುದಿಲ್ಲ. ಬಿದ್ದಲ್ಲಿಂದ ಎತ್ತಬೇಕು, ಹೆಗಲು ಕೊಡಬೇಕು, ಬೇಗ ಬೇಗ ನಡೆಯಬೇಕು. ಪೋಲೀಸು ಬರಲಿ, ಯಾರಾದರೂ ಬಂದು ನೋಡಲಿ ಎಂಬ ಯೋಚನೆಯೇ ನಮಗೆ ಹೊಳೆಯಲಿಲ್ಲ. ತಲೆಯ ಸುತ್ತಿನ ಬಟ್ಟೆಗಳನ್ನು ಬಿಚ್ಚಿ ಗಂಟು ಹಾಕಿ ಅದರಲ್ಲಿ ರಶ್ವಾನನನ್ನು ಮಲಗಿಸಿ, ಹಡಗಿನ ಏಣಿಯಿಂದ ಕೆಳಗಿಳಿಸಿ, ಅರ್ಧ ಮೈಲಿ ಹೊತ್ತು ನಡೆದೆವು. ಹೆಗಲು ಬದಲಾಯಿಸುತ್ತ ‘ಅಲ್ಲಾಹನೊಬ್ಬನೇ’ ಎಂದು ಹೇಳುತ್ತ ಹೋದೆವು. ರಯೀಸ್ ಹಿಫ್ನಿ ಮುಂದೆ ಮುಂದೆ ಓಡಿ ದಾರಿ ಬಿಡಿಸಿದ. ದಿನಾ ನಮ್ಮ ರೊಟ್ಟಿ ತಡಕುವ ಕಾವಲುಗಾರರು ಗೇಟಿನ ಎರಡೂ ಬಾಗಿಲು ತೆರೆದು, ಟೋಪಿ ತೆಗೆದು ನಿಂತರು. ನನಗೆ ಅದನ್ನು ಕಂಡು ಅಳು ಬಂತು. ನಾಯಿಗಳಿಗೂ ಹೃದಯವಿದೆ ಎಂದುಕೊಂಡೆ.

ಆಂಬುಲೆನ್ಸು ರಸ್ತೆಯ ಬದಿಯಲ್ಲಿ ನಿಂತಿತ್ತು. ಎತ್ತಿಕೊಂಡ ಸ್ಥಳ ಎಂಬಲ್ಲಿ ಅದರವನು ‘ರಸ್ತೆ’ ಎಂದು ಬರೆದುಕೊಂಡ. ಹೂಳುವ ಅನುಮತಿ ಎರಡು ಗಂಟೆಯಲ್ಲಿ ಕೈಗೆ ಬಂತು. ನಮ್ಮೂರಿನಲ್ಲಿ ಎಮ್ಮೆ ಮಾರುವ ಕಾಗದಕ್ಕೂ ಎರಡು ವಾರ ಬೇಕು. ನಾದಿರ್ ಬಾಷಾ ತಾನೇ ಒಂದು ವ್ಯಾನು ಕೊಟ್ಟ. ನಾನು ಅವನ ಕೈ ಹಿಡಿದು ‘ದೇವರು ನಿಮಗ ಒಳ್ಳೇದು ಮಾಡ್ಲಿ’ ಎಂದೆ. ಈ ಬಾಯಿಂದಲೇ ಅಂದೆ. ಇವತ್ತಿಗೂ ಅದನ್ನು ನೆನೆದರೆ ನಾಲಿಗೆ ಕಿತ್ತುಕೊಳ್ಳಬೇಕೆನ್ನಿಸುತ್ತದೆ.

ಊರು ಮುಟ್ಟಿದ್ದು ಮರುದಿನ ಬೆಳಿಗ್ಗೆ. ಹೂತೆವು. ನನ್ನ ಅವ್ವ ಫಹೀಮಾ ಅಳಲಿಲ್ಲ. ಮಣ್ಣು ಮುಚ್ಚಿ ಬಂದ ನನ್ನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

‘ಯಾರು ಕೊಂದ್ರು?’

‘ಯಾರೂ ಕೊಂದಿಲ್ಲವ್ವ. ಕೆಲಸದಾಗ ಆತು. ಹಡಗಿನಾಗ.’

‘ಹಡಗಿಗೆ ಕೈ ಅದಾವೇನು?’

ಮೂರನೆಯ ದಿನ ಊರಿನ ಪೋಲೀಸು ಚೌಕಿಯಿಂದ ಸಾವಿನ ಕಾಗದ ಬಂತು. ಅವ್ವನಿಗೆ ಓದಲು ಬಾರದು. ನಾನು ಓದಿದೆ. ‘ಬಂದರು ರಸ್ತೆಯಲ್ಲಿ, ಗುರುತು ಸಿಗದ ವಾಹನ ಡಿಕ್ಕಿಯಾಗಿ ಮರಣ.’ ನಾನು ಇನ್ನೊಮ್ಮೆ ಓದಿದೆ. ಗೇಟಿನ ಎರಡೂ ಬಾಗಿಲು ಯಾಕೆ ತೆರೆದಿದ್ದವು ಎನ್ನುವುದು ಆಗ ನನಗೆ ಅರ್ಥವಾಯಿತು. ನಾವು ಹೊತ್ತು ಹೊರಗೆ ಹಾಕಿದ್ದು ಬರಿಯ ರಶ್ವಾನನನ್ನಲ್ಲ, ಅವನು ಅಲ್ಲಿ ಸತ್ತ ಎನ್ನುವ ಸಾಕ್ಷಿಯನ್ನು. ನನ್ನ ಹೆಗಲಿನಲ್ಲಿ ಇನ್ನೂ ನೋವಿತ್ತು.

ಅವ್ವ ಎದ್ದಳು. ಅಂಗಳದಲ್ಲಿ ನೆರೆಯವರು ತಂದು ಹಾಕಿದ್ದ ಬೆಂಚುಗಳನ್ನು ಒಂದೊಂದಾಗಿ ಬೋರಲು ಹಾಕಿದಳು. ಕಾಫಿಯ ಪಾತ್ರೆಯನ್ನು ಕಬ್ಬಿನ ಗದ್ದೆಗೆ ಸುರಿದಳು. ಸಂತಾಪ ಹೇಳಲು ಬಂದವರು ಅದನ್ನು ಕಂಡು ಬಾಯಿ ತೆರೆಯದೆ ಹಿಂದಿರುಗಿದರು. ನಮ್ಮ ಸೀಮೆಯಲ್ಲಿ ಇದರ ಅರ್ಥ ತೊಟ್ಟಿಲ ಕೂಸಿಗೂ ಗೊತ್ತು. ಕೊಲೆಯಾದವನ ಮನೆಯವರು ಸಂತಾಪ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಅದು ದೇವರು ಕೊಟ್ಟ ಸಾವು ಎಂದು ಒಪ್ಪಿಕೊಂಡಂತೆ, ಲೆಕ್ಕ ಮುಗಿದಂತೆ. ಕೊಂದವನು ಯಾರೆಂದು ತೀರ್ಮಾನವಾಗುವ ತನಕ ಆ ಮನೆಯಲ್ಲಿ ಕೈಕುಲುಕುವುದಿಲ್ಲ, ಕಾಫಿ ಬಗ್ಗಿಸುವುದಿಲ್ಲ. ಈ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಇದರಿಂದ ಬಂದೂಕು ಹಿಡಿದು ಮೂರು ತಲೆಮಾರು ನಾಶವಾದ ಮನೆಗಳು ನಮ್ಮ ಓಣಿಯಲ್ಲೇ ಇವೆ. ಆದರೆ ಆ ದಿನ ಅವ್ವನ ಹತ್ತಿರ ಬೇರೆ ಏನಿತ್ತು?

ನಾನು ಬಂದರಿಗೆ ಹಿಂದಿರುಗಿದೆ. ಕಟ್ಟು ಬಿಚ್ಚುವ ನಲವತ್ತು ಜನ ನಮ್ಮ ಸೀಮೆಯವರೇ. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಒಬ್ಬನೂ ನನಗೆ ಸಂತಾಪ ಹೇಳಲಿಲ್ಲ, ಅದೇ ಅವರು ತೋರಿಸಿದ ಮರ್ಯಾದೆ. ಕೆಲಸಕ್ಕೆ ಇಳಿದರು. ಆದರೆ ಸಂದಿನೊಳಗೆ ಎಲ್ಲರೂ ಒಟ್ಟಿಗೆ ಇಳಿದು, ಕೊನೆಯ ಕಂಬಿ ಕಳಚಿದ ಮೇಲೆ ಎಲ್ಲರೂ ಒಟ್ಟಿಗೆ ಮೇಲೆ ಬರತೊಡಗಿದರು. ಅಷ್ಟು ಹೊತ್ತೂ ಬಿಗಿದ ಪೆಟ್ಟಿಗೆಗಳ ಮೇಲೆ ಕ್ರೇನು ಕಾಯಬೇಕಾಯಿತು. ಯಾರೂ ಹೇಳಿಕೊಟ್ಟದ್ದಲ್ಲ. ಹಿಫ್ನಿ ಗಂಟಲು ಹರಿಯುವಂತೆ ಕೂಗಿಕೊಂಡ. ಗಂಟೆಗೆ ಮೂವತ್ತನಾಲ್ಕಿದ್ದದ್ದು ಇಪ್ಪತ್ತಾರಕ್ಕೆ ಬಂತು. ಆಚೆ ದಂಡೆ ಮೂವತ್ತಮೂರರಲ್ಲಿತ್ತು.

ಉಸ್ತಾ ಫಿಕ್ರಿ ಚಹಾದ ಗಾಡಿಯ ಹತ್ತಿರ ಸಿಕ್ಕಿದ. ಗಡ್ಡ ಬಿಟ್ಟಿದ್ದ. ಕೈ ಚಾಚಿದ. ನಾನು ಕೈ ಕೊಡಲಿಲ್ಲ.

‘ಹಗೆ ನನ್ನ ಮೇಲೇನಾ ದರ್ದೀರ್?’ ಎಂದ. ದರ್ದೀರ್ ಎಂದರೆ ನಾನು.

‘ಗೊತ್ತಿಲ್ಲ.’

‘ಕೆಂಪು ದೀಪ ಹತ್ತಿತ್ತು ಕಣೋ. ಎರಡು ಸಲ ಫೋನ್ ಮಾಡಿ ಬೈದ್ರು. ನಾನು ಕೆಳಗೆ ನೋಡ್ಲಿಲ್ಲ. ದೀಪ ನೋಡ್ತಾ ಇದ್ದೆ.’

‘ಹಂಗಂತ ಬರೆದು ಕೊಡ್ತೀಯೇನು?’

ಅವನು ಚಹಾವನ್ನು ಅರ್ಧಕ್ಕೇ ಬಿಟ್ಟು ಹೋದ. ಅವನಿಗೆ ಮೂವರು ಹೆಣ್ಣುಮಕ್ಕಳು. ನನಗೆ ಆಗ ಅವನ ಮೇಲೆ ಅಸಹ್ಯ ಬಂತು.

ನಾಲ್ಕು ದಿನ ಹೀಗೇ ನಡೆದ ಮೇಲೆ ನಾದಿರ್ ಬಾಷಾ ನನ್ನನ್ನು ಕರೆಸಿದ. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ನಾನು ಆ ಕಟ್ಟಡದ ಮೆಟ್ಟಿಲು ಹತ್ತಿದೆ. ಒಳಗೆ ಚಳಿಗಾಲ. ಚಹಾ ಬಂತು, ಬಿಸ್ಕತ್ತು ಬಂತು. ಹಿಫ್ನಿ ಗೋಡೆಗೆ ಅಂಟಿಕೊಂಡು ನಿಂತಿದ್ದ.

‘ಕೂತ್ಕೋ ದರ್ದೀರ್, ಇದು ನಿನ್ನ ಮನೆ ಅಂದ್ಕೋ’ ಎಂದ ನಾದಿರ್ ಬಾಷಾ. ‘ರಶ್ವಾನ್ ನನ್ನ ತಮ್ಮ ಇದ್ದ ಹಾಗೆ. ರಸ್ತೆಗಳು ನೋಡು, ಎಷ್ಟು ಕೆಟ್ಟು ಹೋಗಿವೆ. ಹುಚ್ಚರ ಥರ ಓಡಿಸ್ತಾರೆ.’

ಒಂದು ಕಾಗದ ಮುಂದೆ ತಳ್ಳಿದ. ‘ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡು. ಸರ್ಕಾರಿ ವಕೀಲರ ಕಚೇರಿಯಲ್ಲಿ ಫೈಲ್ ಮುಚ್ಚೋಕೆ ಮನೆಯವರದ್ದೊಂದು ಬೇಕಂತೆ. ಬರೀ ಪದ್ಧತಿ.’

ನಾನು ಕಾಗದ ಎತ್ತಿಕೊಂಡು ಗಟ್ಟಿಯಾಗಿ ಓದಿದೆ. ‘ನನ್ನ ಅಣ್ಣನ ಸಾವಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ, ಯಾರ ಮೇಲೂ ದೂರಿಲ್ಲ.’

‘ಓದೋಕೆ ಬರುತ್ತಾ ನಿನಗೆ?’ ಅವನು ಹಿಫ್ನಿಯ ಕಡೆ ನೋಡಿದ. ಹಿಫ್ನಿ ತಲೆ ತಗ್ಗಿಸಿದ.

‘ಡಿಪ್ಲೊಮಾ ಆಗೇತಿ ಬಾಷಾ. ಕೈಗಡಿಯಾರಕ್ಕ ಮೇವು ಹಾಕೋದಷ್ಟ ಅಲ್ಲ, ಟೈಮೂ ನೋಡ್ತೀನಿ. ನಮ್ಮಣ್ಣ ಹದಿನಾಲ್ಕನೇ ಸಾಲಿನಾಗ ಸತ್ತಾನ. ನಾ ನೋಡೀನಿ.’

‘ನೋಡಿದ್ರೆ ಪೋಲೀಸರನ್ನ ಕರೀಬೇಕಿತ್ತು. ಹೊತ್ಕೊಂಡು ಹೊರಗೆ ಹೋದೋರು ಯಾರು? ನಾನಾ?’

ಮಾತು ನಾಟಿತೆಂದು ಅವನಿಗೆ ಗೊತ್ತಾಯಿತು. ಕುರ್ಚಿ ಎಳೆದುಕೊಂಡು ಹತ್ತಿರ ಬಂದು ದನಿ ತಗ್ಗಿಸಿದ.

‘ಕೇಳು. ಅವನ ಸಾವು ಬಂದರಿನದು ಅಂತಾದ್ರೆ ಹಡಗುಗಳು ಆಚೆ ದಂಡೆಗೆ ಹೋಗ್ತವೆ. ಮೂರು ಸಾವಿರ ಜನ ಇಲ್ಲಿ ಅನ್ನ ತಿಂತಿದ್ದಾರೆ. ಒಬ್ಬ ಸತ್ತವನಿಗೋಸ್ಕರ ಮೂರು ಸಾವಿರ ಒಲೆ ಆರಿಸ್ತೀಯಾ? ಅವನಿಗೇನು ವ್ಯತ್ಯಾಸ, ರಸ್ತೆಯಾದ್ರೇನು ಹಡಗಾದ್ರೇನು?’

‘ಆಚೆ ದಂಡ್ಯಾಗ ಯಾರೂ ಸಾಯಂಗಿಲ್ಲೇನು?’

‘ಸತ್ತರೂ ಅವರು ಕಾಗದ ಸರಿ ಇಟ್ಕೋತಾರೆ’ ಎಂದು ಅವನು ನಕ್ಕ. ಇದನ್ನು ಅವನು ತಮಾಷೆ ಎಂದುಕೊಂಡಿದ್ದ.

‘ಅವ್ವನ್ನ ಕೇಳ್ಬೇಕು’ ಎಂದು ಎದ್ದೆ. ಮೂರು ಸಾವಿರ ಒಲೆಯ ಮಾತು ನನ್ನನ್ನು ಬಿಡಲಿಲ್ಲ. ಆ ಒಲೆಗಳಲ್ಲಿ ನನ್ನದೂ ಒಂದು. ರಶ್ವಾನನ ಹೆಂಡತಿಯ ಒಲೆಯನ್ನೂ ಇನ್ನು ನಾನೇ ಉರಿಸಬೇಕು. ಹೆಬ್ಬೆಟ್ಟು ಒತ್ತಿದ್ದರೆ ಏನಾಗುತ್ತಿತ್ತು ಎಂದು ಎರಡು ದಿನ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಒತ್ತಿಬಿಡೋಣ ಎಂದೂ ಒಮ್ಮೆ ಅನ್ನಿಸಿತು.

ಅಷ್ಟರಲ್ಲಿ ಹಿಫ್ನಿ ತನ್ನ ಬಾಷಾನಿಗೆ ಒಂದು ಬುದ್ಧಿ ಹೇಳಿಕೊಟ್ಟ. ಸಯೀದಿಗಳು ಸಂತಾಪ ತೆಗೆದುಕೊಳ್ಳದೆ ಕೂತಿದ್ದಾರೆ, ಅದಕ್ಕೇ ಕೈ ನಿಧಾನವಾಗಿದೆ. ತಾಯಿಯೊಬ್ಬಳು ಸಂತಾಪ ತೆಗೆದುಕೊಂಡುಬಿಟ್ಟರೆ ಎಲ್ಲರ ಬಾಯಿಯೂ ಮುಚ್ಚುತ್ತದೆ, ಕೈಯೂ ಓಡುತ್ತದೆ. ಆ ವಾರ ಹಡಗಿನ ಕಂಪನಿಯವರು ಬರುವವರಿದ್ದರು. ನಾದಿರ್ ಬಾಷಾ ದೊಡ್ಡ ಡೇರೆ ಹಾಕಿಸಿದ. ಬಣ್ಣದ ಬಟ್ಟೆಯ ಗೋಡೆ, ಚಿನ್ನದ ಬಣ್ಣದ ಕುರ್ಚಿಗಳು, ಧ್ವನಿವರ್ಧಕದೊಂದಿಗೆ ಕುರಾನ್ ಓದುವ ಶೇಖ್, ಕಹಿ ಕಾಫಿ. ಬದುಕಿದ್ದಾಗ ರಶ್ವಾನನಿಗೆ ನಿಂತು ನೀರು ಕುಡಿಯಲೂ ಒಂದು ನೆರಳಿರಲಿಲ್ಲ. ಡೇರೆಯನ್ನು ಗೇಟಿನ ಹೊರಗೆ, ರಸ್ತೆಯ ಬದಿಯಲ್ಲಿ ಹಾಕಿಸಿದ್ದ. ಅದನ್ನು ಮಾತ್ರ ಅವನು ಮರೆತಿರಲಿಲ್ಲ.

ಅವ್ವನನ್ನು ಕರೆತರಲು ಕಾರು ಹೋಯಿತು. ಅವಳು ಕಾರು ಹತ್ತಲಿಲ್ಲ. ಹದಿನಾಲ್ಕು ಗಂಟೆ ರೈಲಿನಲ್ಲಿ ಬಂದಳು. ಬಿಸಿಲಿಗೆ ಉಬ್ಬಿಸಿ ಸುಟ್ಟ ನಮ್ಮೂರ ರೊಟ್ಟಿಯ ಬುಟ್ಟಿ ತಲೆಯ ಮೇಲಿತ್ತು. ಹೆಂಗಸರಿಗೆ ಬೇರೆ ಡೇರೆ ಇತ್ತು. ಅವಳು ಅಲ್ಲಿಗೆ ಹೋಗದೆ ಗಂಡಸರ ಡೇರೆಗೆ ಬಂದು ಮೊದಲನೆಯ ಕುರ್ಚಿಯಲ್ಲಿ ಕೂತಳು. ಕಾವಲುಗಾರನೊಬ್ಬ ಬಾಯಿ ತೆರೆದ. ಅವಳು ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿದ.

ನಲವತ್ತು ಜನ ಕೆಲಸದ ಬಟ್ಟೆಯಲ್ಲೇ ಬಂದು ಹಿಂದೆ ನಿಂತರು. ಸ್ವಲ್ಪ ಹೊತ್ತಿಗೆ ನಾದಿರ್ ಬಾಷಾ ಬಂದ. ಕಪ್ಪು ಕೋಟು, ಕಪ್ಪು ಕನ್ನಡಕ. ಜೊತೆಗೆ ಹಡಗಿನ ಕಂಪನಿಯ ಇಬ್ಬರು ವಿದೇಶಿಯರು, ಅವರ ಮಾತನ್ನು ನಮ್ಮ ಮಾತಿಗೆ ತರುವ ರನೀಮ್ ಎಂಬ ಹುಡುಗಿ, ಫೋಟೋ ತೆಗೆಯುವವರು ಇಬ್ಬರು. ಬಂದರಿನವರು ನೆರೆಹೊರೆಯ ಬಡವನೊಬ್ಬನ ಸಾವಿಗೂ ಹೇಗೆ ಕರಗುತ್ತಾರೆ ಎನ್ನುವುದನ್ನು ಅವರು ನೋಡಿಕೊಂಡು ಹೋಗಬೇಕಿತ್ತು. ಅವನು ಅವ್ವನ ಮುಂದೆ ಬಾಗಿ ಕೈ ಚಾಚಿದ.

‘ಅವನ ಉಳಿದ ಆಯುಷ್ಯ ನಿಮಗೆ ಸೇರಲಿ, ತಾಯಿ.’

ಅವ್ವ ಕೈಯನ್ನು ಶಾಲಿನಿಂದ ಹೊರಗೆ ತೆಗೆಯಲಿಲ್ಲ.

‘ಅವನ ಆಯುಷ್ಯ ನನಗ್ಯಾಕಪ್ಪ? ಅದನ್ನ ತಗೊಂಡಾವ ಯಾರು, ಅಷ್ಟ ಹೇಳು.’

‘ದೇವರ ಇಚ್ಛೆ ತಾಯಿ. ಕಾರು...’

‘ದೇವ್ರು ಕಾರು ಹೊಡೀತಾನೇನು? ಯಾವ ಬಣ್ಣದ್ದು?’

ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಬಾಷಾನ ಕೈ ಗಾಳಿಯಲ್ಲೇ ಇತ್ತು. ಅದನ್ನು ಅವನು ನನ್ನ ಕಡೆ ತಿರುಗಿಸಿದ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವನು ನಗುಮುಖ ಬಿಡದೆ ಹಲ್ಲಿನ ಸಂದಿನಲ್ಲಿ ‘ಆ ಕಾಗದ ಹಿಫ್ನಿ ಹತ್ರ ಇದೆ. ಸಹಿ ಮಾಡಿ ತಾಯೀನ ಕರ್ಕೊಂಡು ಹೋಗು. ಇಲ್ಲ ಅಂದ್ರೆ ನಾಳೆಯಿಂದ ಈ ನಲವತ್ತು ಜನರಿಗೂ ಗೇಟು ಮುಚ್ಚಿರುತ್ತೆ’ ಎಂದ.

ಹಿಫ್ನಿ ಕಾಗದ ಹಿಡಿದು ಬಂದ. ಪೆನ್ನಿನ ಮುಚ್ಚಳ ತೆಗೆದೇ ತಂದಿದ್ದ. ನಾನು ನಲವತ್ತು ಜನರ ಕಡೆ ತಿರುಗಿ ನೋಡಿದೆ. ಒಬ್ಬನೂ ನನಗೆ ಸನ್ನೆ ಮಾಡಲಿಲ್ಲ, ಬೇಡ ಎಂದೂ ಇಲ್ಲ, ಹಾಕು ಎಂದೂ ಇಲ್ಲ. ಆದರೆ ಯಾರೂ ಮುಖ ತಿರುಗಿಸಿಕೊಳ್ಳಲಿಲ್ಲ. ನನಗೆ ಅಷ್ಟು ಸಾಕಾಯಿತು.

‘ದೂರು ಐತಿ’ ಎಂದೆ.

‘ಏನು?’

‘ದೂರು ಐತಿ. ನಮ್ಮಣ್ಣ ನಿಮ್ಮ ಹಡಗಿನಾಗ ಸತ್ತಾನ. ನೀವು ಕೊಂದೀರಿ.’

‘ಸಾಕ್ಷಿ ಯಾರು? ನೀನಾ? ಸತ್ತವನ ತಮ್ಮ?’ ಅವನು ಈಗಲೂ ನಗುತ್ತಿದ್ದ.

ಆಗ ಡೇರೆಯ ಬಾಗಿಲಲ್ಲಿ ನಿಂತವರು ಸರಿದು ದಾರಿ ಬಿಟ್ಟರು. ಉಸ್ತಾ ಫಿಕ್ರಿ ಬಂದ. ತಲೆಯ ಮೇಲೆ ಏನೂ ಇರಲಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಚಾಚಿದ ಎರಡೂ ತೋಳುಗಳ ಮೇಲೆ ಮಡಿಸಿದ ಬಿಳಿಯ ಬಟ್ಟೆ ಇತ್ತು. ನಮ್ಮವರೆಲ್ಲ ಒಮ್ಮೆಗೇ ನೆಟ್ಟಗೆ ನಿಂತರು. ಶೇಖ್ ಓದುವುದನ್ನು ನಿಲ್ಲಿಸಿದ.

ನಮ್ಮ ಸೀಮೆಯಲ್ಲಿ ಕೊಂದವನು ಹಗೆಯನ್ನು ಮುಗಿಸಬೇಕೆಂದರೆ ಒಂದೇ ದಾರಿ. ತನ್ನ ಹೆಣದ ಬಟ್ಟೆಯನ್ನು ತಾನೇ ಹೊತ್ತು, ಬರಿಗಾಲಿನಲ್ಲಿ, ಊರೆಲ್ಲ ನೋಡುವಂತೆ ಸತ್ತವನ ಮನೆಗೆ ಬರಬೇಕು. ಕೊಂದವನು ನಾನು, ಬೇಕಾದರೆ ಕೊಲ್ಲಿ ಎಂದು ಅದರ ಅರ್ಥ. ಆ ಮನೆಯವರು ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡರೆ ಅವನನ್ನು ಬಿಟ್ಟಂತೆ. ತೆಗೆದುಕೊಳ್ಳದಿದ್ದರೆ ರಕ್ತ ಅವನ ಮೇಲೆಯೇ ಉಳಿದಂತೆ. ಕಡಲ ತೀರದವರು ಇದನ್ನು ಮಾಡುವುದಿಲ್ಲ, ಅವರಿಗೆ ಇದು ಗೊತ್ತೂ ಇಲ್ಲ. ಫಿಕ್ರಿ ಇಪ್ಪತ್ತು ವರ್ಷ ನಮ್ಮ ಜೊತೆ ಉಂಡವನು, ಅವನಿಗೆ ಗೊತ್ತಿತ್ತು.

ಅವನು ಅವ್ವನ ಮುಂದೆ ಮೊಣಕಾಲೂರಿದ. ಅವನು ಹೇಳಿದ್ದು ಎಲ್ಲರಿಗೂ ಕೇಳಿಸಿತು.

‘ಅಮ್ಮಾ, ಹದಿನಾಲ್ಕನೇ ಸಾಲು. ಶನಿವಾರ, ಮಧ್ಯಾಹ್ನದ ನಮಾಜಿನ ಹೊತ್ತು. ನಿಮ್ಮ ಮಗ ಕೆಳಗಿದ್ದ. ಕ್ರೇನ್ ಎತ್ತಿದ್ದು ನಾನು. ಇದನ್ನ ಇಲ್ಲೂ ಹೇಳ್ತೀನಿ, ಸರ್ಕಾರಿ ವಕೀಲರ ಹತ್ರನೂ ಹೇಳ್ತೀನಿ.’

‘ಫಿಕ್ರೀ, ಹುಚ್ಚು ಹಿಡಿದಿದೆಯಾ ನಿನಗೆ?’ ಎಂದ ನಾದಿರ್ ಬಾಷಾ.

ಅವ್ವ ಫಿಕ್ರಿಯನ್ನೇ ನೋಡುತ್ತಿದ್ದಳು.

‘ನೋಡಿ ಎತ್ತಿದೇನು?’

‘ಇಲ್ಲಮ್ಮ. ನೋಡ್ಲಿಲ್ಲ. ನೋಡೋಕೆ ಬಿಡ್ಲಿಲ್ಲ.’

‘ಬಿಡದಾವ ಯಾರು?’

ಫಿಕ್ರಿಯ ಕಣ್ಣು ನಾದಿರ್ ಬಾಷಾನ ಕಡೆ ಹೋಯಿತು. ನಲವತ್ತು ಜನರ ಕಣ್ಣೂ ಅಲ್ಲಿಗೇ ಹೋಯಿತು.

ಅವ್ವ ಎದ್ದಳು. ಫಿಕ್ರಿಯ ತೋಳಿನಿಂದ ಬಟ್ಟೆಯನ್ನು ಎತ್ತಿಕೊಂಡಳು. ನಮ್ಮವರಲ್ಲಿ ಒಬ್ಬ ಜೋರಾಗಿ ಉಸಿರು ಬಿಟ್ಟ. ಫಿಕ್ರಿ ಅಲ್ಲೇ ಕುಸಿದು ಮಗುವಿನ ಹಾಗೆ ಅತ್ತ. ಅವ್ವ ಮಾತ್ರ ಕೂರಲಿಲ್ಲ. ಎರಡು ಹೆಜ್ಜೆ ನಡೆದು ನಾದಿರ್ ಬಾಷಾನ ಮುಂದೆ ನಿಂತು, ಬಟ್ಟೆಯನ್ನು ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

‘ತಗೋಪ್ಪ. ಇದು ನಿಂದು.’

ಫೋಟೋದವರು ಹತ್ತಿರ ಬಂದಿದ್ದರು. ವಿದೇಶಿಯರು ನೋಡುತ್ತಿದ್ದರು. ಮುದುಕಿಯೊಬ್ಬಳು ಕೊಟ್ಟದ್ದನ್ನು ಬೇಡ ಎಂದರೆ ಚಿತ್ರ ಕೆಡುತ್ತದೆ. ಬಾಷಾ ಕಡಲ ತೀರದವನೇ, ಬಟ್ಟೆಯ ಅರ್ಥ ಅವನಿಗೆ ಗೊತ್ತಿರಲಿಲ್ಲ. ಮರ್ಯಾದಸ್ಥ ಮನುಷ್ಯ, ನಗುಮುಖದಿಂದ, ಎರಡೂ ತೋಳು ಚಾಚಿ ತೆಗೆದುಕೊಂಡ. ಬಾಗಿ ವಂದನೆಯನ್ನೂ ಹೇಳಿದ.

‘ಬಾಷಾ, ಬ್ಯಾಡ! ಬ್ಯಾಡ!’ ಎಂದು ಹಿಫ್ನಿ ಕಿರುಚಿದ. ತಡವಾಗಿತ್ತು.

ವಿದೇಶಿಯರಲ್ಲಿ ಹಿರಿಯವನು ರನೀಮಳ ಕಿವಿಯಲ್ಲಿ ಏನೋ ಕೇಳಿದ. ಅವಳು ನನ್ನ ಕಡೆ ತಿರುಗಿದಳು.

‘ಆ ಬಟ್ಟೆ ಏನು ಅಂತ ಕೇಳ್ತಿದ್ದಾರೆ.’

‘ಕೊಂದಾವ ತರೋ ಬಟ್ಟೆ’ ಎಂದೆ. ‘ಯಾರ ಕೈಯಾಗ ಐತೋ, ಅವ ಕೊಂದಾನ ಅಂತ ಅರ್ಥ. ಇದ್ದದ್ದು ಇದ್ದಂಗ ಹೇಳವ್ವ.’

ಅವಳು ನಾದಿರ್ ಬಾಷಾನನ್ನು ನೋಡಿದಳು. ಅವನು ತಲೆ ಅಲ್ಲಾಡಿಸಿದ. ಅವಳಿಗೂ ಅವನದೇ ಸಂಬಳ. ಆದರೂ ಹೇಳಿದಳು. ಫಿಕ್ರಿ ಹೇಳಿದ್ದನ್ನೂ ಹೇಳಿದಳು, ಹದಿನಾಲ್ಕನೆಯ ಸಾಲನ್ನು ಬೆರಳಿನಿಂದ ಎಣಿಸಿ ತೋರಿಸಿದಳು. ಹಿರಿಯ ವಿದೇಶಿಯ ಚೀಲದಿಂದ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದ. ಅವನು ನ್ಯಾಯಕ್ಕಾಗಿ ಬರೆದುಕೊಂಡ ಎಂದು ನಾನು ನಂಬುವುದಿಲ್ಲ. ನಮ್ಮ ಬಂದರಿನ ಜೊತೆ ಬಾಡಿಗೆಯ ಚೌಕಾಸಿಗೆ ಅವನಿಗೆ ಅದು ಬೇಕಿತ್ತು. ಆದರೆ ಹದಿನಾಲ್ಕು ಎಂದು ಬರೆದ, ನಾನು ನೋಡಿದೆ.

ನಾದಿರ್ ಬಾಷಾನ ಮುಖ ಬಿಳಿಚಿಕೊಂಡಿತು. ಬಟ್ಟೆಯನ್ನು ಅವ್ವನಿಗೆ ಹಿಂದಕ್ಕೆ ಕೊಡಲು ಹೋದ. ಅವ್ವ ಆಗಲೇ ಬುಟ್ಟಿಯ ಹತ್ತಿರ ಕೂತು ನಮ್ಮವರಿಗೆ ರೊಟ್ಟಿ ಮುರಿದು ಹಂಚುತ್ತಿದ್ದಳು, ಫಿಕ್ರಿಗೂ ಒಂದು ತುಂಡು ಕೊಟ್ಟಳು. ಬಾಷಾ ನನ್ನ ಕಡೆ ಹಿಡಿದ. ಹಿಫ್ನಿಯ ಕಡೆ ಹಿಡಿದ, ಹಿಫ್ನಿ ಹಿಂದೆ ಸರಿದ. ಕುರ್ಚಿಯ ಮೇಲಿಡಲು ನೋಡಿದ, ಕುರ್ಚಿಯ ಮುಂದೆ ನಮ್ಮವನೊಬ್ಬ ನಿಂತುಕೊಂಡ. ‘ಯಾರಾದ್ರೂ ತಗೊಳ್ರೋ’ ಎಂದ. ನಾವು ನಲವತ್ತೊಂದು ಜನ ಇದ್ದೆವು. ರೊಟ್ಟಿ ತಿನ್ನುತ್ತ ಅವನನ್ನು ನೋಡುತ್ತ ನಿಂತೆವು. ಒಬ್ಬರೂ ಕೈ ಚಾಚಲಿಲ್ಲ.